ಕೇಯೆನ್ನಿನಲ್ಲಿ ಹಿಂದೆ ಬಿದ್ದ ಗಡಿಯಾರ

ಚಂದ್ರನ ಮೇಲೆ ಮನುಷ್ಯನ ತೂಕ ಆರನೆಯ ಒಂದು ಪಾಲಿಗೆ ಇಳಿಯುತ್ತದೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ದ್ರವ್ಯರಾಶಿ ಬೇರೆ, ತೂಕ ಬೇರೆ ಎಂದು ತಿಳಿಸುವುದಕ್ಕೆ ಪಠ್ಯಪುಸ್ತಕದವರು ಹಿಡಿದಿರುವ ಹಾದಿ ಇದು. ಆದರೆ ಈ ಭೇದ ಮನುಷ್ಯನ ಅಳತೆಗೆ ಮೊದಲು ಸಿಕ್ಕಿದ್ದು ಇದೇ ಭೂಮಿಯ ಮೇಲೆ. ಅದೂ ತಕ್ಕಡಿಯಿಂದಲ್ಲ, ಗಡಿಯಾರದಿಂದ.

1672ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯು ಝಾನ್ ರಿಶೆ ಎಂಬ ಖಗೋಳಜ್ಞನನ್ನು ದಕ್ಷಿಣ ಅಮೆರಿಕದ ಕೇಯೆನ್ನಿಗೆ ಕಳುಹಿಸಿತು. ಭೂಮಧ್ಯರೇಖೆಯಿಂದ ಐದು ಡಿಗ್ರಿಯಷ್ಟೇ ಉತ್ತರಕ್ಕಿರುವ ಊರು ಅದು. ಮಂಗಳ ಗ್ರಹ ಆಗ ಭೂಮಿಗೆ ಸಮೀಪ ಬಂದಿತ್ತು. ಪ್ಯಾರಿಸಿನಿಂದ ಕಸೀನಿ, ಕೇಯೆನ್ನಿನಿಂದ ರಿಶೆ ಅದನ್ನು ನೋಡಿ ಅದರ ದೂರವನ್ನು ಅಳೆಯಬೇಕೆಂಬುದು ಮುಖ್ಯ ಉದ್ದೇಶ. ಆ ಕೆಲಸವೇನೋ ನಡೆಯಿತು. ರಿಶೆ ಅದರೊಡನೆ ಇನ್ನೂ ವಿಚಿತ್ರವಾದ ಸುದ್ದಿಯೊಂದನ್ನು ತಂದನು. ಪ್ಯಾರಿಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಹಿಂದೆ ಬೀಳುತ್ತಿತ್ತಂತೆ! ಲೋಲಕವನ್ನು ಒಂದೂಕಾಲು ಲೀನ್ಯದಷ್ಟು, ಎಂದರೆ ಇಂದಿನ 2.8 ಮಿಲಿಮೀಟರಿನಷ್ಟು, ಗಿಡ್ಡ ಮಾಡಿದರೆ ಮಾತ್ರ ಅದು ಸೆಕೆಂಡಿಗೆ ಸರಿಹೋಗುತ್ತಿತ್ತು. ಆತ ಇದನ್ನು ಒಂದೆರಡು ಸಲ ನೋಡಿ ಬಿಟ್ಟವನಲ್ಲ. ಹತ್ತು ತಿಂಗಳು, ವಾರ ತಪ್ಪದೆ ಪರೀಕ್ಷಿಸಿದನು.

ಊರಿನಲ್ಲಿ ಕುಳಿತಿದ್ದ ದೊಡ್ಡವರಿಗೆ ನಂಬಿಕೆ ಬರಲಿಲ್ಲ. ಕಸೀನಿಗೇ ಸಂಶಯ. ಸೆಖೆಯ ನಾಡಿನಲ್ಲಿ ಲೋಹದ ಸರಳು ಹಿಗ್ಗಿರಬೇಕು, ಇಲ್ಲವೆ ನೋಡಿದವನೇ ತಪ್ಪಿರಬೇಕು ಎಂಬ ಮಾತು ಹುಟ್ಟಿತು. ದೂರ ಹೋಗಿ ಕಷ್ಟಪಟ್ಟವನ ಮಾತಿಗೆ ಎಲ್ಲ ಕಾಲದಲ್ಲಿಯೂ ಇದೇ ಮರ್ಯಾದೆ ತಾನೆ!

ಈಗ ಯೋಚಿಸಿ ನೋಡಿ. ಲೋಲಕದ ಗುಂಡು ಅದೇ ಗುಂಡು. ಹಡಗಿನಲ್ಲಿ ಹೋಗುವಾಗ ಅದರಿಂದ ಯಾರೂ ಒಂದು ಚೂರನ್ನೂ ಕೆರೆದಿಲ್ಲ. ಆದರೂ ಅದನ್ನು ಕೆಳಕ್ಕೆಳೆಯುವ ಬಲ ಕೇಯೆನ್ನಿನಲ್ಲಿ ಕಡಿಮೆಯಾಗಿದೆ. ಹಾಗಾದರೆ ಗುಂಡಿನಲ್ಲಿರುವ ದ್ರವ್ಯ ಒಂದು, ಆ ದ್ರವ್ಯದ ಮೇಲೆ ಭೂಮಿ ನಡೆಸುವ ಸೆಳೆತ ಇನ್ನೊಂದು ಎಂದಾಯಿತಲ್ಲವೆ? ಸಾವಿರಾರು ವರ್ಷ ವ್ಯಾಪಾರ ಮಾಡಿದ ಮನುಷ್ಯನಿಗೆ ಇದು ತಿಳಿಯದಿದ್ದುದರ ಗುಟ್ಟು ತಕ್ಕಡಿಯಲ್ಲಿಯೇ ಇದೆ. ಸೆಳೆತ ಇಳಿದರೆ ಒಂದು ತಟ್ಟೆಯ ಅಕ್ಕಿಯೂ ಹಗುರ, ಇನ್ನೊಂದು ತಟ್ಟೆಯ ಕಲ್ಲೂ ಅಷ್ಟೇ ಹಗುರ. ಮುಳ್ಳು ನಡುವೆಯೇ ನಿಲ್ಲುತ್ತದೆ. ಸ್ಪ್ರಿಂಗ್ ತಕ್ಕಡಿಯಾದರೆ ಹಾಗಲ್ಲ. ಪ್ಯಾರಿಸಿನಲ್ಲಿ ಒಂದು ಕಿಲೋ ತೋರಿಸುವ ಸರಕನ್ನು ಅದು ಕೇಯೆನ್ನಿನಲ್ಲಿ ಸುಮಾರು 3 ಗ್ರಾಂ ಕಡಿಮೆ ತೋರಿಸುತ್ತದೆ.

ನ್ಯೂಟನ್ 1687ರಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯಾ’ದ ಮೊಟ್ಟಮೊದಲ ವ್ಯಾಖ್ಯೆಯೇ ದ್ರವ್ಯದ ಪರಿಮಾಣವನ್ನು ಕುರಿತದ್ದು. ಮುಂದೆ ಅದೇ ಗ್ರಂಥದಲ್ಲಿ ರಿಶೆಯ ಗಡಿಯಾರವೂ ಬರುತ್ತದೆ. ಸೆಖೆಯೊಂದರಿಂದಲೇ ಇಷ್ಟು ವ್ಯತ್ಯಾಸವಾಗದು. ಭೂಮಿಯು ತಿರುಗುತ್ತಿರುವುದರಿಂದ, ಮಧ್ಯದಲ್ಲಿ ಉಬ್ಬಿರುವುದರಿಂದ ಅಲ್ಲಿ ಸೆಳೆತವೇ ಕಡಿಮೆ ಎಂದು ಅವನ ವಾದ. ಆ ಉಬ್ಬು ಸುಮಾರು 21 ಕಿಲೋಮೀಟರೆಂದು ನಾವೀಗ ಬಲ್ಲೆವು.

ನನಗೆ ಇನ್ನೂ ಹೆಚ್ಚು ಪ್ರಿಯವಾದದ್ದು ನ್ಯೂಟನ್ನನ ಮತ್ತೊಂದು ಪ್ರಯೋಗ. ಒಂದೇ ಅಳತೆಯ ಎರಡು ಮರದ ಪೆಟ್ಟಿಗೆಗಳನ್ನು 11 ಅಡಿ ಉದ್ದದ ದಾರಗಳಿಂದ ತೂಗುಹಾಕಿ, ಒಂದರಲ್ಲಿ ಮರ ತುಂಬಿ, ಇನ್ನೊಂದರಲ್ಲಿ ಅಷ್ಟೇ ತೂಕದ ಚಿನ್ನವಿಟ್ಟು ಆಡಿಸಿದನು. ಬೆಳ್ಳಿ, ಸೀಸ, ಗಾಜು, ಮರಳು, ಉಪ್ಪು, ನೀರು, ಗೋಧಿಗಳಿಗೂ ಇದೇ ಪರೀಕ್ಷೆ. ಎಲ್ಲವೂ ಜೊತೆಜೊತೆಯಾಗಿಯೇ ಆಡಿದವು. ಸಾವಿರದಲ್ಲೊಂದು ಪಾಲು ಭೇದವಿದ್ದರೂ ಗೊತ್ತಾಗುತ್ತಿತ್ತೆಂದು ಅವನೇ ಬರೆದಿದ್ದಾನೆ. ಒಂದೇ ಸ್ಥಳದಲ್ಲಿ ತೂಕವು ದ್ರವ್ಯರಾಶಿಗೆ ತಕ್ಕಂತೆಯೇ ಇರುತ್ತದೆಂಬುದು ಹೀಗೆ ಸ್ಥಿರಪಟ್ಟಿತು. ನಮ್ಮ ಕನ್ನಡದಲ್ಲಿ ತಕ್ಕಡಿಯನ್ನೂ ತೂಗುತ್ತೇವೆ, ತೊಟ್ಟಿಲನ್ನೂ ತೂಗುತ್ತೇವೆ. ನ್ಯೂಟನ್ ತೊಟ್ಟಿಲಿನಂತೆ ತೂಗಿ ತಕ್ಕಡಿಯ ಲೆಕ್ಕವನ್ನು ಒಪ್ಪಿಸಿದನೆನ್ನಬಹುದು.

ಇಷ್ಟಾದರೂ ಗೊಂದಲ ಹೋಗಲಿಲ್ಲ. ಕಿಲೋಗ್ರಾಂ ಎಂಬುದು ದ್ರವ್ಯರಾಶಿಯ ಮಾನ, ತೂಕವಾದರೋ ಬಲದ ಜಾತಿಗೆ ಸೇರಿದ್ದು ಎಂದು ತೂಕ ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನವು 1901ರಲ್ಲಿ ವಿಧಿವತ್ತಾಗಿ ಸಾರಬೇಕಾಯಿತು. ಪ್ಯಾರಿಸಿನ ಬಳಿಯ ಸೆವ್ರ್‌ನಲ್ಲಿ ಕಾದಿಟ್ಟಿದ್ದ ಪ್ಲಾಟಿನಂ-ಇರಿಡಿಯಂ ಕಿಲೋಗ್ರಾಂ ಕೂಡ 2019ರಲ್ಲಿ ಆ ಪದವಿಯಿಂದ ನಿವೃತ್ತವಾಯಿತು. ಈಗ ಅದರ ಸ್ಥಾನದಲ್ಲಿರುವುದು ಪ್ಲಾಂಕನ ಸ್ಥಿರಾಂಕ. ನಮ್ಮ ಅಂಗಡಿಯ ಪೊಟ್ಟಣಗಳ ಮೇಲೆ ಮಾತ್ರ ‘ನಿವ್ವಳ ತೂಕ’ ಎಂದು ಬರೆದು, ಅದರ ಮುಂದೆ ಗ್ರಾಂ ಲೆಕ್ಕ ಕೊಡುವುದು ಇನ್ನೂ ನಡೆದೇ ಇದೆ.