ನಿತ್ಯದ ರೂಢಿಗಳು ಮತ್ತು ಮಕ್ಕಳ ಬೌದ್ಧಿಕ ಬೆಳವಣಿಗೆ: ಸಿಂಧನೂರು, ಲಿಂಗಸುಗೂರು, ಮಸ್ಕಿ

ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಮಕ್ಕಳ ಕಲಿಕೆಯನ್ನು ತಟ್ಟುವ ರೂಢಿಗಳ ಪೈಕಿ ಮೊದಲು ನೋಡಬೇಕಾದದ್ದು ಕುಡಿಯುವ ನೀರು. ಅದರ ಬೆನ್ನಿಗೇ ಚಹಾ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಸಿಂಧನೂರು ಭತ್ತದ ಸೀಮೆಯಾಯಿತು. ಆದರೆ ಕಾಲುವೆ ಮುಟ್ಟದ ಹಳ್ಳಿಗಳು ಬಹುಕಾಲ ಬೋರಿನ ನೀರನ್ನೇ ನೆಚ್ಚಿದ್ದವು.

ನೀರು
ಇಲ್ಲಿಯ ನೆಲದಡಿ ಗ್ರಾನೈಟ್, ನೈಸ್ ಶಿಲೆಗಳಿವೆ. ಅವುಗಳಲ್ಲಿನ ಅಪಟೈಟ್, ಬಯೊಟೈಟ್ ಖನಿಜಗಳಿಂದ ಫ್ಲೋರೈಡ್ ನೀರಿಗಿಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ, ಬೈಕಾರ್ಬೊನೇಟ್ ಹೆಚ್ಚು ಇದ್ದರೆ ಫ್ಲೋರೈಡ್ ತಳ ಸೇರದೆ ಕರಗಿಯೇ ಉಳಿಯುತ್ತದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂವರೆಗಿನ ಫ್ಲೋರೈಡ್ ತಕ್ಕದ್ದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹ್ಯ. ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ ಕೆಡುವ ಫ್ಲೋರೋಸಿಸ್ ಬಾಧೆ ಭಾರತದಲ್ಲಿ ಮೊದಲು ವರದಿಯಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಸೀಮೆಯಿಂದ. ಕಾಯಂ ಹಲ್ಲಿನ ಎನಾಮೆಲ್ ಬಹುಮಟ್ಟಿಗೆ ಎಂಟು ವರ್ಷದೊಳಗೆ ಕಟ್ಟುವುದರಿಂದ, ಕಂದುಗಟ್ಟಿದ ಹಲ್ಲು ಎಳವೆಯಲ್ಲಿ ಕುಡಿದ ನೀರಿನ ದಾಖಲೆಯೂ ಹೌದು.

ಬುದ್ಧಿಯ ಮೇಲಿನ ಪರಿಣಾಮದ ಮಾತಿಗೆ ಎಚ್ಚರ ಬೇಕು. 2015ರಲ್ಲಿ ಪ್ರಕಟವಾದ ಮೈಸೂರು ಜಿಲ್ಲೆಯ ಅಧ್ಯಯನವೊಂದು 10–12 ವರ್ಷದ ಮಕ್ಕಳನ್ನು ಪರೀಕ್ಷಿಸಿ, ಫ್ಲೋರೈಡ್ ಹೆಚ್ಚಿದ್ದ ಊರಿನಲ್ಲಿ ಕಡಿಮೆ ಬುದ್ಧ್ಯಂಕದವರ ಪಾಲು ಹೆಚ್ಚೆಂದು ಕಂಡಿತು. ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮವೂ 2024ರಲ್ಲಿ, 1.5 ಮಿಲಿಗ್ರಾಂ ಮೀರಿದ ಕಡೆ ಇಂಥ ನಂಟಿದೆಯೆಂದು ‘ಮಧ್ಯಮ ವಿಶ್ವಾಸ’ದಿಂದ ಹೇಳಿತು. ಆದರೆ ಕೆಟ್ಟ ನೀರು ಕುಡಿಯುವವರು ಬಹುಪಾಲು ಬಡವರೇ. ಬಡತನದ ಪೆಟ್ಟನ್ನು ನೀರಿನ ಪೆಟ್ಟಿನಿಂದ ಬೇರ್ಪಡಿಸುವುದು ಸುಲಭವಲ್ಲ.

ಊಟ, ಚಹಾ
ಕಬ್ಬಿಣಾಂಶದ ಕೊರತೆ ಬುದ್ಧಿಗೆ ತಟ್ಟುವ ಬಗೆಗಿನ ಪುರಾವೆ ಫ್ಲೋರೈಡಿನದಕ್ಕಿಂತ ಗಟ್ಟಿ. ನರತಂತುಗಳ ಮೈಲಿನ್ ಹೊದಿಕೆಗೆ ಕಬ್ಬಿಣ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಜೋಳದ ರೊಟ್ಟಿಯ ಕಬ್ಬಿಣವನ್ನು ಅದರಲ್ಲೇ ಇರುವ ಫೈಟೇಟ್ ಎಂಬ ಅಂಶ ಮೈಗೆ ಸೇರದಂತೆ ಹಿಡಿದಿಡುತ್ತದೆ. ಊಟದ ಜೊತೆಗಿನ ಚಹಾ ಇನ್ನಷ್ಟು ತಡೆಯುತ್ತದೆ. ಚಹಾಪುಡಿಯಲ್ಲೂ ಫ್ಲೋರೈಡ್ ಇರುವುದರಿಂದ, ಬೋರಿನ ನೀರಿನಲ್ಲಿ ಕಾಸಿದ ಚಹಾ ಎರಡು ಬಗೆಯಲ್ಲಿ ಕೆಡುಕು. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಸುಲಭವಾಗಿ ದಕ್ಕುತ್ತದೆ.

ಶಾಲೆಯ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. 2013ರಲ್ಲಿ ಕ್ಷೀರಭಾಗ್ಯದ ಹಾಲು, 2021ರ ಡಿಸೆಂಬರಿನಲ್ಲಿ ಮೊಟ್ಟೆ ಸೇರಿದವು. ಮೊಟ್ಟೆಯಿಂದ ಮಕ್ಕಳ ತೂಕ ಏರಿದ್ದು ಯಾದಗಿರಿಯಲ್ಲಿ ದಾಖಲಾಗಿದೆ. ಆದರೆ ತೂಕವೇ ಬುದ್ಧಿಯ ಅಳತೆಯಲ್ಲ.

ಗುಳೆ
ಹಿಂಗಾರು ಕೈಕೊಟ್ಟ ವರ್ಷ ಕೂಲಿ ಅರಸಿ ಮನೆಮಂದಿಯೊಂದಿಗೆ ಗುಳೆ ಹೋದ ಮಗುವಿಗೆ ಶಾಲೆ, ಬಿಸಿಯೂಟ, ಹೊತ್ತಿಗೆ ಸರಿಯಾದ ನಿದ್ದೆ ಮೂರೂ ಒಟ್ಟಿಗೆ ತಪ್ಪುತ್ತವೆ.