ಸೌದೆಯ ತೂಕ, ಇಂಗಾಲದ ಲೆಕ್ಕ

ದೊಡ್ಡೇರಿಯ ಮನೆಯೊಂದರಲ್ಲಿ ಮುದ್ದೆಗೆ ಎಸರಿಟ್ಟಿದ್ದಾರೆ ಎಂದುಕೊಳ್ಳಿ. ಒಲೆಯಲ್ಲಿ ಜಾಲಿ ಸೌದೆ ಉರಿಯುತ್ತಿದೆ. ಅದರ ಶಾಖದಲ್ಲಿ ಪಾತ್ರೆಗೆ ಸೇರಿದ್ದೆಷ್ಟು, ಗಾಳಿಗೆ ಹೋದದ್ದೆಷ್ಟು? ಒಂದು ಪ್ರದೇಶವು ತಾನು ಹೊರಬಿಡುವ ಇಂಗಾಲಕ್ಕೆ ಪ್ರತಿಯಾಗಿ ಎಷ್ಟು ಕೆಲಸ ಪಡೆಯುತ್ತದೆ ಎಂಬ ಇಂದಿನ ಪ್ರಶ್ನೆಯೂ ಇದೇ ಬಗೆಯದು. ತುಮಕೂರು ಜಿಲ್ಲೆಯಲ್ಲಿ ಇಂಥ ಅಳತೆಗೆ ನಾಲ್ಕು ದಶಕಗಳಿಗೂ ಮೀರಿದ ಇತಿಹಾಸವಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಆರಂಭವಾಯಿತು. ಗ್ರಾಮಗಳಿಗೆ ಒದಗುವ ತಂತ್ರಜ್ಞಾನವನ್ನು ರೂಪಿಸುವುದು ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕ್ಷೇತ್ರ ಕೇಂದ್ರವಿತ್ತು. 1977ರಲ್ಲಿ ಅದೇ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಮನೆಮನೆಯ ಶಕ್ತಿಬಳಕೆಯ ಸಮೀಕ್ಷೆ ನಡೆಯಿತು. ದಿನಕ್ಕೆ ಸುಮಾರು 10 ಕಿಲೋಗ್ರಾಂ ಸೌದೆ ತರಲು ಒಂದು ಕುಟುಂಬ ಸರಾಸರಿ 2.6 ಗಂಟೆ ವ್ಯಯಿಸಿ 4.8 ಕಿಲೋಮೀಟರ್ ನಡೆಯುತ್ತಿತ್ತು! ಆಗ ಇಂಗಾಲದ ಚಿಂತೆ ಯಾರಿಗೂ ಇರಲಿಲ್ಲ. ಲೆಕ್ಕವನ್ನು ನಾವೇ ಮಾಡೋಣ. ಒಣ ಸೌದೆಯಲ್ಲಿ ಇಂಗಾಲ ಶೇಕಡ 45ರಷ್ಟು. 10 ಕಿಲೋದಲ್ಲಿ 4.5 ಕಿಲೋ. ಪೂರ್ತಿ ಉರಿದರೆ, 44/12ರಿಂದ ಗುಣಿಸಿ, 16.5 ಕಿಲೋ ಇಂಗಾಲದ ಡೈಆಕ್ಸೈಡ್. ಇಷ್ಟಾದರೂ ಹಳೆಯ ಒಲೆಯಲ್ಲಿ ಪಾತ್ರೆಗೆ ದಕ್ಕುತ್ತಿದ್ದುದು ಶಾಖದ ಹತ್ತನೇ ಒಂದು ಪಾಲಿಗಿಂತ ಕಡಿಮೆ.

ಇದರಿಂದ ಹುಟ್ಟಿದ್ದೇ 1980ರ ದಶಕದ 'ಅಸ್ತ್ರ ಒಲೆ'. ಮೂರು ಪಾತ್ರೆ, ಮುಚ್ಚಿದ ಉರಿಗೂಡು, ಹೊಗೆಕೊಳವೆ. ಪ್ರಯೋಗಾಲಯದಲ್ಲಿ ದಕ್ಷತೆ ಶೇಕಡ 40ರ ಆಸುಪಾಸು. ಅಡುಗೆಮನೆಯಲ್ಲಿ ಮಸಿ ಕಟ್ಟಿದ ಕೊಳವೆ ಆ ಅಂಕಿಯನ್ನು ಇಳಿಸಿಬಿಡುತ್ತದೆ, ಅದು ಬೇರೆ ಮಾತು. 1988ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸೌದೆಯನ್ನು ಅನಿಲವಾಗಿಸಿ ವಿದ್ಯುತ್ ಉತ್ಪಾದಿಸಲಾಯಿತು.

ಈಗ ಜಿಲ್ಲೆಯ ಉತ್ತರಕ್ಕೆ ಬನ್ನಿ. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 500 ಕಿಲೋವ್ಯಾಟ್‌ನ ಸೌದೆ ಅನಿಲ ಸ್ಥಾವರ 2007ರಲ್ಲಿ ವಿದ್ಯುತ್ ಜಾಲಕ್ಕೆ ಸೇರಿತು. ಅಲ್ಲಿನ 100 ಕಿಲೋವ್ಯಾಟ್ ಘಟಕವೊಂದರ ಅಳತೆಯಲ್ಲಿ ಒಂದು ಯೂನಿಟ್‌ಗೆ ಸುಮಾರು 1.36 ಕಿಲೋ ಸೌದೆ ಬೇಕಾಯಿತು. ಮೇಲಿನ ಸೂತ್ರದಂತೆ ಗುಣಿಸಿ: ಸುಮಾರು 2.2 ಕಿಲೋ ಇಂಗಾಲದ ಡೈಆಕ್ಸೈಡ್. ಕಲ್ಲಿದ್ದಲಿನ ಯೂನಿಟ್‌ಗಾದರೋ ಸುಮಾರು ಒಂದೇ ಕಿಲೋ! ಹಾಗಾದರೆ ಕಬ್ಬಿಗೆರೆಯದು ಕೆಟ್ಟ ವಿದ್ಯುತ್ತೇ? ಉತ್ತರ ಕೊಳವೆಯ ಬಾಯಲ್ಲಿಲ್ಲ. ಕಡಿದಷ್ಟು ಮರ ಮತ್ತೆ ಬೆಳೆದರೆ ಆ 2.2 ಕಿಲೋ ಮರಕ್ಕೇ ಹಿಂದಿರುಗುತ್ತದೆ. ಬೆಳೆಯದಿದ್ದರೆ ಪೂರ್ತಿ ಗಾಳಿಯ ಪಾಲು. ಆದ್ದರಿಂದ ಸ್ಥಾವರದ ಮೀಟರ್ ಓದುವುದರ ಜೊತೆಗೆ ನೆಡುತೋಪನ್ನೂ ಅಳೆಯಬೇಕು. ನನ್ನ ದೃಷ್ಟಿಯಲ್ಲಿ ಈ ಎರಡನೆಯದೇ ಕಷ್ಟದ ಕೆಲಸ.

ಪಾವಗಡದಲ್ಲಿ ಸೌದೆಯ ಗೊಡವೆಯಿಲ್ಲ. 2019ರ ಕೊನೆಗೆ ಪೂರ್ಣಗೊಂಡ ಅಲ್ಲಿನ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್. ರೈತರಿಂದ ಗುತ್ತಿಗೆಗೆ ಪಡೆದ ನೆಲ ಸುಮಾರು 13,000 ಎಕರೆ. ಆದರೆ ವಿದ್ಯುತ್ ಜಾಲಕ್ಕೆ ಸೇರಿ ಎಲ್ಲೆಲ್ಲಿಗೋ ಹರಿಯುತ್ತದೆ. ಉಳಿದ ಇಂಗಾಲವನ್ನು ಯಾವ ಪ್ರದೇಶದ ಖಾತೆಗೆ ಬರೆಯುವುದು? ಉತ್ಪಾದಿಸಿದ ತಾಲ್ಲೂಕಿಗೋ, ಬಳಸಿದ ನಗರಕ್ಕೋ? ಎರಡು ಕಡೆಯೂ ಬರೆದರೆ ಒಂದೇ ಉಳಿತಾಯವನ್ನು ಎರಡು ಸಲ ಎಣಿಸಿದಂತಾಗುತ್ತದೆ.