ಮೌಸಿಗೊಂದು ಒರೆಗಲ್ಲು

ಯಾವ ಉಪಕರಣಕ್ಕೂ ಎರಡು ಚರಿತ್ರೆಗಳುಂಟು. ಒಂದು, ಅದನ್ನು ಮಾಡಿದವರ ಚರಿತ್ರೆ. ಇನ್ನೊಂದು, ಅದನ್ನು ಒರೆಗೆ ಹಚ್ಚಿ ನೋಡಿದವರ ಚರಿತ್ರೆ. ಮೊದಲನೆಯದು ಪುಸ್ತಕಗಳಲ್ಲಿ ಸಿಗುತ್ತದೆ. ಎರಡನೆಯದನ್ನು ಬರೆದಿಡುವವರು ವಿರಳ. ಕಂಪ್ಯೂಟರಿನ ಮೌಸ್ ಈ ಮಾತಿಗೆ ಒಂದು ಅಪವಾದ. ಅದು ಬೆಳೆದುದೇ ಪರೀಕ್ಷೆಯ ಮನೆಯಲ್ಲಿ. ಇಂದು ಆಟಗಾರರಿಗೆಂದು ಮಾರುವ ಮೌಸುಗಳ ಪೆಟ್ಟಿಗೆಯ ಮೇಲೆ ದೊಡ್ಡ ದೊಡ್ಡ ಅಂಕಿಗಳು ಅಚ್ಚಾಗಿರುತ್ತವೆ. ಅವುಗಳಲ್ಲಿ ಎಷ್ಟನ್ನು ನಂಬಬೇಕೆಂದು ತಿಳಿಯುವುದಕ್ಕೆ ಆ ಹಳೆಯ ಪರೀಕ್ಷೆಗಳನ್ನು ನೆನೆಯುವುದು ಒಳ್ಳೆಯದು.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ 1964ರಲ್ಲಿ ಮೊದಲ ಮೌಸ್ ಸಿದ್ಧವಾಯಿತು. ಕಲ್ಪನೆ ಡಗ್ಲಾಸ್ ಎಂಗೆಲ್‌ಬಾರ್ಟ್ ಅವರದು. ಅದಕ್ಕೆ ರೂಪ ಕೊಟ್ಟವರು ಬಿಲ್ ಇಂಗ್ಲಿಷ್ ಎಂಬ ಎಂಜಿನಿಯರು. ಅಂಗೈಯಲ್ಲಿ ಹಿಡಿಸುವ ಒಂದು ಮರದ ತುಂಡು, ಅದರ ತಳದಲ್ಲಿ ಪರಸ್ಪರ ಲಂಬವಾಗಿ ನಿಂತ ಎರಡು ಗಾಲಿಗಳು, ಮೇಲೆ ಒಂದೇ ಒಂದು ಗುಂಡಿ. ಒಂದು ಗಾಲಿ ಅಡ್ಡ ಚಲನೆಯನ್ನೂ ಇನ್ನೊಂದು ಉದ್ದ ಚಲನೆಯನ್ನೂ ಅಳೆಯುತ್ತಿತ್ತು. ಬಾಲದಂಥ ತಂತಿ ಇದ್ದುದರಿಂದ ಅದಕ್ಕೆ ಇಲಿಯೆಂಬ ಹೆಸರು ಅಂಟಿಕೊಂಡಿತು. ವಿನಾಯಕನನ್ನು ಹೊತ್ತ ಇಲಿಯನ್ನು ಬಲ್ಲ ನಮಗೆ, ಅಷ್ಟು ಸಣ್ಣದು ಇಷ್ಟು ದೊಡ್ಡ ಭಾರವನ್ನು ಹೊತ್ತುದು ಸೋಜಿಗವೆನಿಸಲಾರದು.

ಆದರೆ ಎಂಗೆಲ್‌ಬಾರ್ಟ್ ತಮ್ಮ ಕೂಸೇ ಮೇಲೆಂದು ಸಾರಿಬಿಡಲಿಲ್ಲ. ತೆರೆಯ ಮೇಲಿನ ಗುರುತನ್ನು ಮುಟ್ಟಿಸಲು ಆಗ ಬೇರೆ ಸಾಧನಗಳೂ ಇದ್ದುವು: ಬೆಳಕಿನ ಲೇಖನಿ, ಹಿಡಿಕೋಲು, ಮೇಜಿನ ಕೆಳಗೆ ಮೊಣಕಾಲಿನಿಂದ ಆಡಿಸುವ ಒಂದು ಯಂತ್ರ ಕೂಡ. ಎಲ್ಲವನ್ನೂ ಒಂದೇ ಕೆಲಸಕ್ಕೆ ಹಚ್ಚಿ, ಗುರಿ ಮುಟ್ಟಲು ಹಿಡಿದ ಕಾಲವನ್ನೂ ತಪ್ಪಿದ ಸಲಗಳನ್ನೂ ಲೆಕ್ಕ ಹಾಕಿದರು. 1967ರಲ್ಲಿ ಪ್ರಕಟವಾದ ಅದರ ಫಲಿತಾಂಶ ಸ್ವಾರಸ್ಯಕರವಾಗಿದೆ. ಹೊಸಬರ ಕೈಯಲ್ಲಿ ಮೊಣಕಾಲಿನ ಯಂತ್ರವೂ ಬೆಳಕಿನ ಲೇಖನಿಯೂ ಮೌಸಿಗಿಂತ ಚುರುಕಾಗಿದ್ದುವು. ಪಳಗಿದವರ ಕೈಯಲ್ಲಿ ಮಾತ್ರ ಮೌಸ್ ಎಲ್ಲಕ್ಕಿಂತ ವೇಗವಾಗಿಯೂ ನಿಖರವಾಗಿಯೂ ನಡೆಯಿತು. ಉಪಕರಣದ ಗುಣ ಅರ್ಧ ಉಪಕರಣದಲ್ಲಿದ್ದರೆ ಇನ್ನರ್ಧ ಅಭ್ಯಾಸದಲ್ಲಿದೆ ಎಂಬ ಪಾಠ ಅಂದೇ ದೊರೆಯಿತು.

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಎಂಗೆಲ್‌ಬಾರ್ಟ್ ಈ ಸಾಧನವನ್ನು ದೊಡ್ಡ ಸಭೆಯೊಂದರ ಮುಂದೆ ತೋರಿಸಿದರು. ಅದೇ ವರ್ಷ ಜರ್ಮನಿಯ ಟೆಲಿಫಂಕನ್ ಕಂಪನಿ, ಗಾಲಿಗಳ ಬದಲು ಉರುಳುವ ಗುಂಡನ್ನಿಟ್ಟ ಇಂಥದೇ ಸಾಧನವನ್ನು ಹೊರತಂದಿತ್ತು. ಎಂಗೆಲ್‌ಬಾರ್ಟ್‌ರ ಸಾಧನಕ್ಕೆ 1970ರಲ್ಲಿ ಪೇಟೆಂಟು ಸಿಕ್ಕಿತು. ಆದರೆ ಅದರ ಹಕ್ಕು ಸಂಸ್ಥೆಯದು. ಜಗತ್ತಿನ ಮೇಜುಗಳನ್ನೆಲ್ಲ ಸೇರಿದ ವಸ್ತುವಿನಿಂದ, 2013ರಲ್ಲಿ ತೀರಿಕೊಂಡ ಅದರ ಜನಕನಿಗೆ ರಾಯಧನವೆಂದು ಏನೂ ಬರಲಿಲ್ಲ.

ಎರಡನೆಯ ಮಹತ್ತ್ವದ ಪರೀಕ್ಷೆ 1978ರದು. ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಕೇಂದ್ರದಲ್ಲಿ ಸ್ಟೂವರ್ಟ್ ಕಾರ್ಡ್, ಬಿಲ್ ಇಂಗ್ಲಿಷ್, ಬೆಟ್ಟಿ ಬರ್ ಈ ಮೂವರು ಮೌಸನ್ನು ಹಿಡಿಕೋಲಿನೊಡನೆಯೂ ಕೀಲಿಗಳೊಡನೆಯೂ ಹೋಲಿಸಿದರು. ಗುರಿ ದೂರವಾದಷ್ಟೂ ಚಿಕ್ಕದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಕಾಲ ಬೇಕು ಎಂಬ ನಿಯಮವನ್ನು ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲೇ ಲೆಕ್ಕಕ್ಕಿಳಿಸಿದ್ದರು. ಮೌಸಿನ ವೇಗ ಈ ನಿಯಮದಂತೆ ಬರಿಗೈಯ ವೇಗಕ್ಕೆ ಬಹು ಸಮೀಪದಲ್ಲಿತ್ತು. ಎಂದರೆ, ಎಲ್ಲೆ ಇದ್ದುದು ಉಪಕರಣದಲ್ಲಲ್ಲ, ಕೈಯನ್ನೂ ಕಣ್ಣನ್ನೂ ನಡೆಸುವ ಮನುಷ್ಯನ ಶಕ್ತಿಯಲ್ಲಿ.

1984ರಲ್ಲಿ ಮ್ಯಾಕಿಂಟಾಷ್ ಬಂದ ಮೇಲೆ ಮೌಸ್ ಮನೆಮನೆಯನ್ನು ಹೊಕ್ಕಿತು. ಅದರ ಹಿಂದೆಯೇ ಆಟವೂ ಬಂದಿತು. 1996ರಲ್ಲಿ ಹೊರಬಂದ ಕ್ವೇಕ್ ಎಂಬ ಆಟದಲ್ಲಿ ಮೌಸಿನಿಂದ ದೃಷ್ಟಿಯನ್ನು ತಿರುಗಿಸಿ ಗುರಿಯಿಡುವವರು ಕೀಲಿಗಳನ್ನೇ ನಂಬಿದವರನ್ನು ಹಿಂದೆ ಹಾಕಿದರು. 1997ರ ಪಂದ್ಯವೊಂದರಲ್ಲಿ ಗೆದ್ದ ಡೆನಿಸ್ ಫಾಂಗ್ ಅವರಿಗೆ, ಆ ಆಟವನ್ನು ರಚಿಸಿದವರಲ್ಲೊಬ್ಬರಾದ ಜಾನ್ ಕಾರ್ಮ್ಯಾಕ್ ತಮ್ಮ ಸ್ವಂತ ಫೆರಾರಿ ಕಾರನ್ನೇ ಬಹುಮಾನವಾಗಿ ಕೊಟ್ಟರು. 1999ರಲ್ಲಿ ಆಟಗಾರರಿಗೆಂದೇ ಮಾಡಿದ ರೇಜರ್ ಬೂಮ್‌ಸ್ಲ್ಯಾಂಗ್ ಮೌಸ್ ಬಂದಿತು. ಅದೇ ವರ್ಷ ಮೈಕ್ರೋಸಾಫ್ಟ್ ಕಂಪನಿಯ ಬೆಳಕಿನ ಮೌಸೂ ಬಂದಿತು. ಅದರ ತಳದ ಪುಟ್ಟ ಕಣ್ಣು ನೆಲದ ಚಿತ್ರವನ್ನು ಸೆಕೆಂಡಿಗೆ 1,500 ಸಲ ತೆಗೆದು, ಒಂದರೊಡನೊಂದನ್ನು ಹೋಲಿಸಿ ಚಲನೆಯನ್ನು ಕಂಡುಹಿಡಿಯುತ್ತಿತ್ತು. ಗುಂಡಿಗೆ ಧೂಳು ಮೆತ್ತಿ ಮೌಸ್ ತಡವರಿಸುವ ಕಾಲ ಅಲ್ಲಿಗೆ ಮುಗಿಯತೊಡಗಿತು.

ಅಂಕಿಗಳ ಮೇಲಾಟ ಮೊದಲಾದುದು ಇಲ್ಲಿಂದ. ಮೌಸನ್ನು ಒಂದು ಅಂಗುಲ ಸರಿಸಿದರೆ ಅದು ಎಷ್ಟು ಹೆಜ್ಜೆ ಎಣಿಸುತ್ತದೆ ಎಂಬುದು ಮೊದಲನೆಯ ಅಂಕಿ. ಬೂಮ್‌ಸ್ಲ್ಯಾಂಗಿನಲ್ಲಿ 2,000 ಇದ್ದುದು ಈಗ 30,000ವನ್ನೂ ದಾಟಿದೆ. ಒಂದು ಹೆಜ್ಜೆಗೆ ಒಂದು ಚುಕ್ಕೆಯೆಂದು ಎಣಿಸಿದರೆ, 1,920 ಚುಕ್ಕೆಗಳ ಅಗಲದ ತೆರೆಯನ್ನು ದಾಟಲು ಅಂಥ ಮೌಸನ್ನು ಒಂದು ಅಕ್ಕಿಕಾಳಿನ ದಪ್ಪದಷ್ಟು ಸರಿಸಿದರೆ ಸಾಕು. ಅಷ್ಟು ಸೂಕ್ಷ್ಮವಾಗಿ ಗುರಿಯಿಡಬಲ್ಲ ಕೈ ಯಾರಿಗಿದೆ? ನುರಿತ ಅನೇಕ ಆಟಗಾರರು ಅದನ್ನು 400ರಿಂದ 1,600ರೊಳಗೇ ಇಟ್ಟುಕೊಳ್ಳುತ್ತಾರೆ.

ಎರಡನೆಯದು, ಮೌಸ್ ಕಂಪ್ಯೂಟರಿಗೆ ಸೆಕೆಂಡಿಗೆ ಎಷ್ಟು ಸಲ ವರದಿ ಒಪ್ಪಿಸುತ್ತದೆ ಎಂಬುದು. 125 ಸಲವಾದರೆ ಎರಡು ವರದಿಗಳ ನಡುವೆ 8 ಮಿಲಿಸೆಕೆಂಡು. 1,000 ಸಲವಾದರೆ 1 ಮಿಲಿಸೆಕೆಂಡು. ಇದು ನಿಜವಾದ ಲಾಭ. ಅಲ್ಲಿಂದ 8,000ಕ್ಕೆ ಏರಿದರೆ ಉಳಿಯುವುದು 1 ಮಿಲಿಸೆಕೆಂಡಿಗಿಂತ ಕಡಿಮೆ. ಕಂಡುದಕ್ಕೆ ಕೈ ಎಚ್ಚೆತ್ತುಕೊಳ್ಳಲು ಮನುಷ್ಯನಿಗೆ ಸುಮಾರು 200 ಮಿಲಿಸೆಕೆಂಡು ಬೇಕೆಂಬುದನ್ನು ಮರೆಯಬಾರದು.

ಪೆಟ್ಟಿಗೆಯ ಮೇಲೆ ಕಾಣದ ಗುಣಗಳೇ ಹಲವು ವೇಳೆ ಹೆಚ್ಚಿನವು: ಅಂಗೈಗೆ ಹೊಂದುವ ಆಕಾರ, ಹಗುರವಾದ ಮೈ, ಒತ್ತಿದಾಗ ತಪ್ಪದೆ ಉತ್ತರ ಕೊಡುವ ಗುಂಡಿ, ಮೌಸನ್ನು ಎತ್ತಿ ಹಿಂದಕ್ಕಿಟ್ಟಾಗ ಗುರಿ ಕದಲದಿರುವುದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಸೋತ ಆಟಗಾರನಿಗೆ ಚೆನ್ನಾಗಿ ಒಪ್ಪುತ್ತದೆ. ಆದರೂ ಮೌಸಿನ ವಿಷಯದಲ್ಲಿ ನೆಲವೂ ಕೆಲವೊಮ್ಮೆ ಡೊಂಕಾಗಿರುತ್ತದೆ: ಕನ್ನಡಿಯಂತೆ ಹೊಳೆಯುವ ಮೇಜಿನ ಮೇಲೆ ಬೆಳಕಿನ ಕಣ್ಣಿಗೆ ಹಿಡಿತ ತಪ್ಪುವುದುಂಟು.

2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ಇಂಥ ಆಟಗಳಿಗೆ ಪದಕಗಳನ್ನೇ ಕೊಟ್ಟರು. ತರುಣರು ಇದನ್ನು ವೃತ್ತಿಯೆಂದು ಎಣಿಸುವ ಕಾಲ ಬಂದಿದೆ. ಕೊಳ್ಳುವ ಹಣ ಮಾತ್ರ ಬಹುಮಟ್ಟಿಗೆ ತಂದೆತಾಯಿಗಳದು. ಅಂಗಡಿಯ ಅಂಕಿಗೆ ಮರುಳಾಗುವ ಮೊದಲು 1967ರ ಕ್ರಮವನ್ನು ಮನೆಯಲ್ಲೇ ಅನುಸರಿಸಬಹುದು. ಗೆಳೆಯರ ಮೌಸುಗಳನ್ನು ಎರವಲು ತಂದು, ಒಂದೇ ಗುರಿಯನ್ನು ಹಲವು ಸಲ ಹೊಡೆದು, ವೇಗದ ಜೊತೆಗೆ ತಪ್ಪನ್ನೂ ಬರೆದಿಡಬೇಕು. ಬೆಲೆಯನ್ನು ಕೇಳದೆ ಪರೀಕ್ಷಿಸಬೇಕು. ಕೈ ಪಳಗಲು ಕೆಲವು ದಿನಗಳ ಅವಕಾಶ ಕೊಡಬೇಕು. ಅಂದಿನ ಸಂಶೋಧಕರು ಹೊಸಬರ ಮಾತೊಂದನ್ನೇ ಕೇಳಿ ತೀರ್ಪು ಕೊಟ್ಟಿದ್ದರೆ, ಇಂದು ನಾವೆಲ್ಲ ಮೇಜಿನ ಕೆಳಗೆ ಮೊಣಕಾಲು ಆಡಿಸುತ್ತ ಕುಳಿತಿರುತ್ತಿದ್ದೆವೋ ಏನೋ!